ಕೊಬ್ಬಿಗೆ ಬಾಗಿಲು ಬೇಕೆ?

ಮಾರ್ಚ್ ೪

ತಂಗೀ,

ನಾನಿಲ್ಲಿ ಕ್ಷೇಮವಾಗಿಲ್ಲ. ನೀನು ಕ್ಷೇಮವಾಗಿದ್ದೀಯ ಎಂದು ಗೊತ್ತು. ಹೋದ ತಿಂಗಳು ಫೋನಿನಲ್ಲಿ ನಾನು ಎರಡು ಮಾತು ಜೋರಾಗಿ ಆಡಿದ್ದಕ್ಕೆ, "ಕಿರುಚೋದಾದ್ರೆ ಕಾಗದದ ಮೇಲೆ ಕಿರುಚು, ನಾನು ಮಡಚಿ ಇಟ್ಕೋತೀನಿ" ಎಂದು ಹೇಳಿ ಕಟ್ ಮಾಡುವಷ್ಟು ಶಕ್ತಿ ನಿನಗಿತ್ತಲ್ಲ! ಸರಿ ತಾಯಿ, ಕಾಗದದ ಮೇಲೆಯೇ ಕಿರುಚುತ್ತಿದ್ದೇನೆ. ಮಡಚುವ ಮುಂಚೆ ಪೂರ್ತಿ ಓದು.

ನಮ್ಮ ಲೇಖನ ಪ್ರಕಟಿಸಿದ ಪತ್ರಿಕೆಯ ಸಂಪಾದಕರಿಂದ ಪತ್ರ ಬಂದಿದೆ. ಮೀಸೆ ಮೇಷ್ಟ್ರು ದೂರು ಕೊಟ್ಟಿದ್ದಾರೆ. ನೆನಪಿದೆಯಲ್ಲ, ಸಮ್ಮೇಳನದಲ್ಲಿ ಮೊದಲ ಸಾಲಿನಲ್ಲಿ ಕೂತು ನನ್ನ ಭಾಷಣದುದ್ದಕ್ಕೂ ಮೀಸೆ ತಿರುವುತ್ತಿದ್ದವರು? ಕೊಬ್ಬಿನಾಮ್ಲ ಜೀವಕೋಶದ ಪೊರೆಯನ್ನು ತಾನಾಗಿಯೇ ದಾಟಲಾರದು, ಅದಕ್ಕೆ ಪೊರೆಯಲ್ಲಿ ಪ್ರೋಟೀನಿನ ಬಾಗಿಲೊಂದು ಬೇಕು ಎಂದು ನಾವು ತೋರಿಸಿದ್ದೆವು. ಅವರು ಬಾಗಿಲೂ ಬೇಡ ಕಿಟಕಿಯೂ ಬೇಡ, ಪೊರೆಯೇ ಕೊಬ್ಬಿನದು, ಕೊಬ್ಬು ಕೊಬ್ಬಿನೊಳಗೆ ಮಗುಚಿಕೊಂಡು ಕಣ್ಣು ಮಿಟುಕಿಸುವುದರೊಳಗೆ ಆಚೆ ಹೋಗುತ್ತದೆ ಎನ್ನುತ್ತಾರೆ. ನಮ್ಮ ಪ್ರಯೋಗವನ್ನು ನಾಲ್ಕು ಸಲ ಮಾಡಿದರಂತೆ, ನಾಲ್ಕು ಸಲವೂ ಬರೀ ಪೊರೆಯಿಂದ ಮಾಡಿದ, ಬಾಗಿಲಿಲ್ಲದ ಖಾಲಿ ಗುಳ್ಳೆಗಳೊಳಕ್ಕೂ ಆಮ್ಲ ಸರಾಗವಾಗಿ ನುಗ್ಗಿತಂತೆ. ಜೂನ್ ಹತ್ತರೊಳಗೆ ನಾನು ಮತ್ತೆ ಮಾಡಿ ತೋರಿಸಬೇಕು. ಇಲ್ಲವಾದರೆ ಲೇಖನ ವಾಪಸು.

ನನಗೆ ನಗು ಬಂತು. ಇದೇನು ಮಹಾ, ಒಂದು ವಾರದ ಕೆಲಸ ಎಂದುಕೊಂಡು ಹನ್ನೆರಡು ವರ್ಷದ ಮೇಲೆ ನಾನೇ ಕೋಟು ಹಾಕಿಕೊಂಡು ಬೆಂಚಿಗೆ ನಿಂತೆ. ಪೊರೆಗುಳ್ಳೆ ಮಾಡಿದೆ, ಒಳಗೆ ಹೊಳೆಯುವ ಬಣ್ಣ ತುಂಬಿದೆ, ಹೊರಗಿನಿಂದ ಆಮ್ಲ ಹಾಕಿದೆ. ಆಮ್ಲ ಒಳಗೆ ಬಂದರೆ ಬಣ್ಣ ಮಂಕಾಗಬೇಕು, ಬರದಿದ್ದರೆ ಹೊಳೆಯುತ್ತಲೇ ಇರಬೇಕು. ನೀನು ನನ್ನ ಲ್ಯಾಬಿನಲ್ಲಿದ್ದು ಮಾಡಿದಾಗ ಖಾಲಿ ಗುಳ್ಳೆ ದೀಪದ ಹಾಗೆ ಹೊಳೆಯುತ್ತಲೇ ಇರುತ್ತಿತ್ತು. ನಾನು ಮಾಡಿದರೆ ಹಾಕಿದ ತಕ್ಷಣ ಮಂಕು! ಮೂರು ವಾರದಿಂದ ಮಂಕು. ನನ್ನ ಗುಳ್ಳೆಗಳು ಸೋರುತ್ತಿವೆ, ಬೇರೆ ಏನೂ ಅಲ್ಲ. ನಿನ್ನ ಕೈಯಲ್ಲಿ ಅದೇನೋ ಇತ್ತು. ನೀನು ಬಿಟ್ಟುಹೋದ ನಾಲ್ಕು ನೋಟ್‌ಬುಕ್ಕನ್ನೂ ಓದಿದೆ. "ಟ್ಯೂಬಿಗೆ ಹಾಕಿದೆ, ಅಳೆದೆ, ಬಂತು." ಇದೊಂದು ಬರವಣಿಗೆಯಾ? ದಿನಸಿ ಚೀಟಿ ಇದಕ್ಕಿಂತ ವಿವರವಾಗಿರುತ್ತದೆ.

ಏನು ಮಾಡುತ್ತಿದ್ದೆ ನೀನು? ಒಂದೊಂದೂ ಬರೆ.

ಅಕ್ಕ


ಮಾರ್ಚ್ ೧೯

ಅಕ್ಕಾ,

ನಿನ್ನ ಕಾಗದ ಓದಿ ಮಡಚಿ ಇಟ್ಟೆ. ಆಮೇಲೆ ಇನ್ನೊಂದು ಸಲ ತೆಗೆದು ಓದಿದೆ.

ಇಲ್ಲಿ ನನ್ನ ಕೆಲಸ ಹೆಚ್ಚಾಗಿದೆ. ಬೆಳಿಗ್ಗೆ ಏಳಕ್ಕೆ ರಕ್ತ ಪರೀಕ್ಷೆಯ ಲ್ಯಾಬಿನ ಬಾಗಿಲು ತೆಗೆಯುವುದು ನಾನೇ. ಹತ್ತರ ತನಕ ಸೂಜಿ ಚುಚ್ಚುವುದೂ ನಾನೇ. ನಿನ್ನ ಹತ್ತಿರ ಕಲಿತ ಕೈ, ಯಾರೂ ಹಾ ಎನ್ನುವುದಿಲ್ಲ. ನಮ್ಮ ಯಜಮಾನರಿಗೆ ಬೆನ್ನು ನೋವು ಬಂದು ಹೋಯಿತು. ಮಗಳು ಪರೀಕ್ಷೆಗೆ ಓದುತ್ತಿದ್ದಾಳೆ ಎಂದು ಹೇಳುತ್ತಾಳೆ, ಪುಸ್ತಕದ ಮೇಲೆ ಕೆನ್ನೆ ಇಟ್ಟು ಓದುವ ಹೊಸ ವಿಧಾನವಂತೆ.

ನೀನು ಕೇಳಿದ್ದಕ್ಕೆ: ಗುಳ್ಳೆ ಮಾಡುವಾಗ ಅವಸರ ಮಾಡಬೇಡ. ನಿನಗೆ ಅವಸರ ಜಾಸ್ತಿ. ನೀರು ಬೆಚ್ಚಗಿದೆಯಾ ನೋಡು. ಬಣ್ಣ ಹಳೆಯದಾಗಿರಬಹುದು, ಹೊಸ ಬಾಟಲಿ ತೆಗೆ. ಯಂತ್ರದ ದೀಪ ಬದಲಿಸಿದ್ದಾರಾ ಕೇಳು. ಅಳೆಯುವ ಮುಂಚೆ ಅರ್ಧ ಗಂಟೆ ಸುಮ್ಮನೆ ಬಿಡು. ಇಷ್ಟೇ ನನಗೆ ನೆನಪಿರುವುದು.

"ನಮ್ಮ ಲೇಖನ" ಎಂದು ಬರೆದಿದ್ದೀಯ. ಅದರ ಮೇಲೆ ಐದು ಹೆಸರಿವೆ. ಆ ಐದು ಜನರನ್ನು ಕೇಳಿದೆಯಾ?

ತಂಗಿ


ಮಾರ್ಚ್ ೨೭

ತಂಗೀ,

ಬೆಚ್ಚಗಿನ ನೀರು, ಹೊಸ ಬಾಟಲಿ, ಹೊಸ ದೀಪ, ಅರ್ಧ ಗಂಟೆ. ಎಲ್ಲ ಆಯಿತು. ಅವಸರ ಮಾಡದೆ ಐದು ದಿನ ಮಾಡಿದೆ. ಮಂಕು, ಮಂಕು, ಮಂಕು. ಈಗ ಮಂಕಾಗಿರುವುದು ನಾನು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ನೀನು ಬರೆದಿರುವುದು ಉತ್ತರವಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದೀಯ. ಆರು ವರ್ಷ ದಿನಕ್ಕೆ ಹತ್ತು ಸಲ ಮಾಡಿದ ಕೆಲಸ ನಾಲ್ಕು ಸಾಲಿಗೆ ಮುಗಿಯಿತಾ? ಚಿಕ್ಕವಳಿದ್ದಾಗ ನನ್ನ ಪೆನ್ನು ಎಲ್ಲೇ ಎಂದು ಕೇಳಿದರೆ "ಎಲ್ಲೋ ಇರತ್ತೆ" ಎನ್ನುತ್ತಿದ್ದೆಯಲ್ಲ, ಪೆನ್ನು ನಿನ್ನ ಚೀಲದಲ್ಲೇ ಇರುತ್ತಿತ್ತು. ಇದು ಅದೇ ದನಿ. ನನಗೆ ಗೊತ್ತಾಗುವುದಿಲ್ಲ ಎಂದುಕೊಂಡೆಯಾ?

ಕೊನೆಯ ಸಾಲಿಗೆ ಬರುತ್ತೇನೆ. ಅದನ್ನು ಬರೆಯುವುದಕ್ಕೇ ಉಳಿದದ್ದನ್ನು ಬರೆದಿದ್ದೀಯ. ನಿನ್ನ ಹೆಸರು ಹಾಕಲಿಲ್ಲ ಎಂಬ ಸಿಟ್ಟು. ಐದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಈಗ ಸಮಯ ನೋಡಿ ತೀರಿಸಿಕೊಳ್ಳುತ್ತಿದ್ದೀಯ. ನಾನು ಆಗಲೇ ಹೇಳಿದ್ದೆ, ತಂಗಿಯ ಹೆಸರು ಹಾಕಿದರೆ ಜನ ಏನನ್ನುತ್ತಾರೆ? ಲ್ಯಾಬನ್ನು ಮನೆ ಜಗಲಿ ಮಾಡಿಕೊಂಡಿದ್ದಾಳೆ ಎನ್ನುತ್ತಿದ್ದರು. ಕೊನೆಯಲ್ಲಿ ಕೃತಜ್ಞತೆ ಹೇಳಿರಲಿಲ್ಲವಾ? "ತಾಂತ್ರಿಕ ನೆರವಿಗಾಗಿ" ಎಂದು ಹಾಕಿರಲಿಲ್ಲವಾ?

ಕೈಚಳಕ ನಿನ್ನದೇ, ಒಪ್ಪಿದೆ. ಇಟ್ಟುಕೊಂಡು ಉಪ್ಪಿನಕಾಯಿ ಹಾಕುತ್ತೀಯಾ ಅದನ್ನು?

ಅಕ್ಕ


ಏಪ್ರಿಲ್ ೧೬

ತಂಗೀ,

ಇಪ್ಪತ್ತು ದಿನವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಅಂಚೆಯವರು ಬಂದಾಗಲೆಲ್ಲ ಎದ್ದು ಹೋಗಿ ನೋಡುತ್ತೇನೆ. ಉಪ್ಪಿನಕಾಯಿ ಮಾತು ಹೆಚ್ಚಾಯಿತು. ಅದನ್ನು ವಾಪಸು ತೆಗೆದುಕೊಂಡೆ. ಉಳಿದದ್ದನ್ನು ಈಗಲೇ ತೆಗೆದುಕೊಳ್ಳುವುದಿಲ್ಲ.

ಇದುವರೆಗೆ ನಿನಗೆ ಹೇಳದ್ದೊಂದನ್ನು ಹೇಳುತ್ತೇನೆ. ಈ ಲೇಖನ ಬಿದ್ದರೆ ಲ್ಯಾಬ್ ಹೋಗುತ್ತದೆ. ಯಾರಿಗೆ ಯಾವ ಲ್ಯಾಬ್ ಎಂದು ತೀರ್ಮಾನಿಸುವ ಸಮಿತಿ ಜುಲೈಯಲ್ಲಿ ಕೂರುತ್ತದೆ. ಈ ಎರಡು ಕೋಣೆ, ಹೊಸ ಯಂತ್ರಗಳು, ಶೀತಲಾಗಾರ, ಎಲ್ಲ ನನಗೆ ಸಿಕ್ಕಿದ್ದು ಆ ಒಂದು ಲೇಖನದಿಂದ. ಅದಕ್ಕೇ ಅಲ್ಲವಾ ನನಗೆ ಬಾಗಿಲು ಮೇಡಂ ಎಂದು ಹೆಸರು ಬಿದ್ದಿದ್ದು. ನಿರ್ದೇಶಕರು ನಿನ್ನೆ ಮೆಟ್ಟಿಲ ಹತ್ತಿರ ಸಿಕ್ಕಿ, "ಮೇಡಂ, ಬಾಗಿಲು ಭದ್ರವಾಗಿದೆ ತಾನೆ?" ಎಂದು ನಕ್ಕರು. ನಾನೂ ನಕ್ಕೆ. ಒಳಗೆ ಬಂದು ಚಿಲಕ ಹಾಕಿಕೊಂಡೆ. ನನಗೆ ಐವತ್ತಮೂರು, ಇನ್ನೊಂದು ಲ್ಯಾಬ್ ಯಾರೂ ಕೊಡುವುದಿಲ್ಲ.

ಬರೆ. ಬೈದಾದರೂ ಬರೆ.

ಅಕ್ಕ


ಏಪ್ರಿಲ್ ೨೯

ಅಕ್ಕಾ,

ಕೂತುಕೊಂಡು ಓದು.

ನನ್ನ ಕೈಯಲ್ಲಿ ಏನೂ ಇರಲಿಲ್ಲ. ನಿನ್ನ ಗುಳ್ಳೆಗಳು ಸೋರುತ್ತಿಲ್ಲ. ನೀನು ಮಾಡುತ್ತಿರುವುದು ಸರಿ. ನಾನು ಮಾಡಿದ್ದು ತಪ್ಪು.

ಆ ತೆಳು ಗಾಜಿನ ಟ್ಯೂಬುಗಳು ನೆನಪಿದೆಯಾ? ಆರು ತಿಂಗಳು ಕಾದು ತರಿಸಿದ್ದು. ಬಂದ ಎರಡನೇ ವಾರ ನನ್ನ ಕೈ ಜಾರಿ ಹನ್ನೊಂದು ಒಡೆದವು. ಲ್ಯಾಬಿನವರೆಲ್ಲ ನಿಂತಿದ್ದಾಗ ನೀನು ಅಂದೆ, "ನಿನ್ನ ಕೈಗೆ ಗಾಜು ಕೊಡೋದೂ ಒಂದೇ, ಮಂಗನ ಕೈಗೆ ಮಾಣಿಕ್ಯ ಕೊಡೋದೂ ಒಂದೇ." ಎಲ್ಲರೂ ನಕ್ಕರು. ನಿನಗೆ ಮರೆತಿರುತ್ತದೆ. ನಾನು ಅವತ್ತು ಊಟ ಮಾಡಲಿಲ್ಲ.

ಮಾರನೆಯ ದಿನದಿಂದ ಉಳಿದ ಗಾಜಿನ ಟ್ಯೂಬುಗಳನ್ನು ಬಾಗಿಲಿರುವ ಗುಳ್ಳೆಗಳಿಗೆ ಮಾತ್ರ ಬಳಸಿದೆ. ಆ ಪ್ರೋಟೀನ್ ತಯಾರಿಸುವುದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು, ಅದು ಮುಖ್ಯವಾದದ್ದು. ಖಾಲಿ ಗುಳ್ಳೆಗಳ ಸರದಿಗೆ ಆಮ್ಲವನ್ನು ಪ್ಲಾಸ್ಟಿಕ್ ಟ್ಯೂಬಿನಲ್ಲಿ ಕಲಸಿಡುತ್ತಿದ್ದೆ. ಬೆಳಿಗ್ಗೆ ಕಲಸಿಟ್ಟು ಮಧ್ಯಾಹ್ನ ಅಳೆಯುವುದು. ಖಾಲಿ ಗುಳ್ಳೆಗಳಲ್ಲಿ ಏನೂ ಆಗಬಾರದು ತಾನೆ? ನೀನೇ ಹೇಳುತ್ತಿದ್ದೆ, "ಅದ್ರಲ್ಲಿ ಏನೂ ಆಗಲ್ಲ ಅಂತ ಗೊತ್ತೇ ಇದೆ, ಸುಮ್ನೆ ತೋರಿಸೋಕೆ ಮಾಡೋದು" ಅಂತ. ಏನೂ ಆಗದ ಕೆಲಸಕ್ಕೆ ಗಾಜು ಯಾಕೆ ಒಡೆಯಬೇಕು ಎಂದುಕೊಂಡೆ. ನಿನಗೆ ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಬೈಯುತ್ತಿದ್ದೆ. ನೋಟ್‌ಬುಕ್ಕಿನಲ್ಲೂ ಬರೀ ಟ್ಯೂಬ್ ಎಂದು ಬರೆದೆ.

ನಿನ್ನ ಮೊದಲ ಕಾಗದ ಬಂದ ದಿನ ಸಂಜೆ ಮಗಳ ಊಟದ ಡಬ್ಬಿ ತೊಳೆಯುತ್ತಿದ್ದೆ. ಪ್ಲಾಸ್ಟಿಕ್ ಡಬ್ಬಿ. ಎಷ್ಟು ಉಜ್ಜಿದರೂ ಎಣ್ಣೆಯ ಜಿಡ್ಡು ಬಿಡುವುದಿಲ್ಲ. ಪಕ್ಕದಲ್ಲಿದ್ದ ಗಾಜಿನ ಲೋಟ ಒಂದೇ ಸಲಕ್ಕೆ ಕಿರ್ ಎನ್ನುವ ಹಾಗೆ ಹೊಳೆಯಿತು. ನಲ್ಲಿ ತೆರೆದದ್ದು ತೆರೆದ ಹಾಗೇ ಇತ್ತು, ನಾನು ಕೆಳಗೆ ಕೂತುಬಿಟ್ಟೆ. ನಿನ್ನ ಆಮ್ಲವೂ ಎಣ್ಣೆಯ ಜಾತಿಯೇ ಅಲ್ಲವಾ ಅಕ್ಕಾ? ಮಧ್ಯಾಹ್ನದ ಹೊತ್ತಿಗೆ ಅದೆಲ್ಲ ಪ್ಲಾಸ್ಟಿಕ್ಕಿನ ಗೋಡೆಗೆ ಅಂಟಿಕೊಂಡಿತ್ತು. ಗುಳ್ಳೆಗಳಿಗೆ ನಾನು ಹಾಕಿದ್ದು ಬರೀ ನೀರು. ದಾಟುವುದಕ್ಕೆ ಅಲ್ಲಿ ಏನೂ ಇರಲೇ ಇಲ್ಲ.

ಸಿಟ್ಟಿಗೆ ಸುಮ್ಮನಿದ್ದೆ ಎಂದುಕೊಂಡೆ ನೀನು. ಅಲ್ಲ. ಹೆದರಿಕೆ. ನಲವತ್ತಾರು ವರ್ಷವಾದರೂ ನಿನ್ನನ್ನು ಕಂಡರೆ ಹೆದರಿಕೆ. ಎಂಟು ವಾರ ನಾನು ಸರಿಯಾಗಿ ಮಲಗಿಲ್ಲ. ನಿನ್ನ ಲ್ಯಾಬ್ ಹೋಗುತ್ತದೆ ಎಂದು ಬರೆದಿದ್ದಕ್ಕೆ ಈಗ ಹೇಳುತ್ತಿದ್ದೇನೆ. ಹೇಳಿದರೂ ಲ್ಯಾಬ್ ಹೋಗುತ್ತದೆ ಎಂದು ಗೊತ್ತು. ಸೋರುವ ಗುಳ್ಳೆ ಹುಡುಕುತ್ತಾ ನೀನು ಸಾಯುವುದಾದರೂ ತಪ್ಪಲಿ.

ತಂಗಿ


ಮೇ ೮

ತಂಗೀ,

ಪ್ಲಾಸ್ಟಿಕ್ಕಿನಲ್ಲಿ ಕಲಸಿಟ್ಟೆ. ಮಧ್ಯಾಹ್ನದ ತನಕ ಕಾದೆ. ಖಾಲಿ ಗುಳ್ಳೆ ದೀಪದ ಹಾಗೆ ಹೊಳೆಯಿತು. ಗಾಜಿನಲ್ಲಿ ಮಾಡಿದೆ, ಮಂಕು. ಬಾಗಿಲಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಮೂರು ದಿನ ಮಾಡಿದೆ. ನೀನು ಹೇಳಿದ್ದು ನಿಜ. ಮೀಸೆ ಮೇಷ್ಟ್ರು ಹೇಳಿದ್ದೂ ನಿಜ. ನನ್ನ ಗುಳ್ಳೆಗಳೊಳಗೆ ಕೊಬ್ಬು ಯಾರ ಅಪ್ಪಣೆಯನ್ನೂ ಕೇಳದೆ ಹೋಗುತ್ತದೆ. ಐದು ವರ್ಷ ನಾನು ಬಾಗಿಲು ಕಾಯುತ್ತಾ ಕೂತಿದ್ದು ಗೋಡೆಯೇ ಇಲ್ಲದ ಮನೆಗೆ.

ಪ್ಲಾಸ್ಟಿಕ್! ಅಯ್ಯೋ ದೇವರೇ, ಪ್ಲಾಸ್ಟಿಕ್! ಮೊದಲ ವರ್ಷದ ಮಕ್ಕಳಿಗೆ ನಾನೇ ಪಾಠ ಮಾಡುತ್ತೇನೆ, ಕೊಬ್ಬನ್ನು ಗಾಜಿನಲ್ಲಿ ಇಡಿ ಎಂದು. ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ. ನನ್ನ ಸ್ವಂತ ತಂಗಿ, ಮೂರು ಮಾರು ದೂರದ ಬೆಂಚಿನಲ್ಲಿ! ಒಂದು ಮಾತು ಕೇಳಬಾರದಿತ್ತಾ? "ಅಕ್ಕಾ, ಪ್ಲಾಸ್ಟಿಕ್ ಆಗತ್ತಾ?" ಮೂರು ಪದ. ಮಂಗ ಎಂದದ್ದು ನನಗೆ ನೆನಪಿಲ್ಲ, ಅಂದಿರುತ್ತೇನೆ. ನಾನು ಎಲ್ಲರಿಗೂ ಅನ್ನುತ್ತೇನೆ. ಅದಕ್ಕೆ ಯಾರಾದರೂ ವಿಜ್ಞಾನವನ್ನು ಹಾಳು ಮಾಡುತ್ತಾರಾ? ಅದೂ ಗೊತ್ತಾದ ಮೇಲೆ ಎಂಟು ವಾರ ಬಾಯಿ ಮುಚ್ಚಿಕೊಂಡು, ಬೆಚ್ಚಗಿನ ನೀರು, ಹೊಸ ದೀಪ ಎಂದು ನನ್ನನ್ನು ಕುಣಿಸಿದೆಯಲ್ಲ. ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿದೆ, ನಿನ್ನದಾ ನನ್ನದಾ ಗೊತ್ತಾಗುತ್ತಿಲ್ಲ.

ಇರಲಿ. ಲೇಖನ ವಾಪಸು ಪಡೆಯುತ್ತೇನೆ. ಕಾರಣ ಬರೆಯಬೇಕು. ಹೀಗೆ ಬರೆದಿದ್ದೇನೆ, ನೋಡಿ ಹೇಳು: "ತಾಂತ್ರಿಕ ಸಹಾಯಕರೊಬ್ಬರ ಅಚಾತುರ್ಯದಿಂದ ಕೆಲವು ಪ್ರಯೋಗಗಳಲ್ಲಿ ಸೂಕ್ತವಲ್ಲದ ಟ್ಯೂಬುಗಳು ಬಳಕೆಯಾದ ಕಾರಣ, ಲೇಖಕರು ಈ ಲೇಖನವನ್ನು ಹಿಂಪಡೆಯುತ್ತಿದ್ದಾರೆ." ನಿನ್ನ ಹೆಸರು ಹಾಕಿಲ್ಲ. ಹೆದರಬೇಡ. ಹೀಗೆ ಹೋದರೆ ಸಮಿತಿಯೂ ಸ್ವಲ್ಪ ಮೆತ್ತಗಾಗುತ್ತದೆ ಎಂದು ನಿರ್ದೇಶಕರು ಹೇಳಿದ್ದಾರೆ.

ಅಕ್ಕ


ಮೇ ೧೭

ಅಕ್ಕಾ,

ಈಗ ನನಗೆ ನಿಜವಾಗಿ ಸಿಟ್ಟು ಬಂದಿದೆ. ನಿನ್ನ ಕಾಗದವನ್ನು ಮಡಚಲೇ ಇಲ್ಲ, ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ಯಜಮಾನರು ಓದಿ, "ನಿಮ್ಮಕ್ಕ ಹಿಂಗೂ ಬರೀತಾರಾ?" ಎಂದರು.

ಸಹಾಯಕರೊಬ್ಬರು! ಆ ಲೇಖನದಲ್ಲಿ ಏಳು ಚಿತ್ರಗಳಿವೆ. ಏಳಕ್ಕೂ ಅಳೆದವಳು ನಾನು. ನಿನ್ನನ್ನು ಬಿಟ್ಟು ಉಳಿದ ನಾಲ್ವರು ಲೇಖಕರಲ್ಲಿ ಒಬ್ಬರು ಯಂತ್ರ ಕೊಡಿಸಿದವರು, ಒಬ್ಬರು ಇಂಗ್ಲಿಷ್ ತಿದ್ದಿದವರು, ಇನ್ನಿಬ್ಬರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹೊಗಳಿಕೆ ಬಂದಾಗ ಐದು ಜನ ಲೇಖಕರು, ನಾನು ಮನೆಯವಳು, ಜನ ಏನನ್ನುತ್ತಾರೆ. ಬೈಗುಳ ಬಂದಾಗ ಐದು ಜನ ಪಕ್ಕಕ್ಕೆ ಸರಿದರು, ಮುಂದೆ ನಿಂತವಳು ಸಹಾಯಕಿ. ಕೃತಜ್ಞತೆಗೆ ಹೆಸರಿತ್ತು, ಕೊನೆಯ ಪುಟದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ. ತಪ್ಪಿಗೆ ಹೆಸರೂ ಇಲ್ಲ. ಹೆದರಬೇಡ ಎನ್ನುತ್ತೀಯ. ನಾನು ಹೆದರಿದ್ದು ನಿನಗೆ, ಜನಕ್ಕಲ್ಲ.

ತಪ್ಪು ನನ್ನದು. ನಾನೇ ಹೇಳಿದೆ. ನಾನು ಹೇಳದಿದ್ದರೆ ಮೀಸೆ ಮೇಷ್ಟ್ರಿಗೂ ಯಾಕೆ ಹೀಗಾಯಿತು ಎಂದು ಈ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ನನ್ನ ಹೆಸರು ಹಾಕು. ತಪ್ಪು ಮಾಡಿದವಳು ಇಂಥವಳು ಎಂದು ಪೂರ್ತಿ ಹೆಸರು ಹಾಕು. ಹಾಕುವುದಿಲ್ಲ ಎಂದರೆ ನನ್ನನ್ನು ಅದರೊಳಗೆ ಎಳೆಯಲೇಬೇಡ, ನಿನ್ನ ಮೇಲೇ ಬರೆದುಕೋ. ಸಮಿತಿ ಮೆತ್ತಗಾಗಲಿ ಎಂದು ನನ್ನನ್ನು ಅಚಾತುರ್ಯ ಮಾಡಬೇಡ.

ಇದಕ್ಕೆ ಉತ್ತರ ಬರೆಯದಿದ್ದರೂ ಪರವಾಗಿಲ್ಲ.

ತಂಗಿ


ಜೂನ್ ೯

ತಂಗೀ,

ಮೂರು ವಾರ ಉತ್ತರ ಬರೆಯಲಿಲ್ಲ, ಏಕೆಂದರೆ ಮೂರು ವಾರದಿಂದ ನಾನು ಸಂಪಾದಕರ ಜೊತೆ ಜಗಳವಾಡುತ್ತಿದ್ದೇನೆ. ನಿನ್ನ ಕಾಗದ ಬಂದ ದಿನ ಎರಡು ಗಂಟೆ ನಿನ್ನನ್ನು ಬೈದೆ, ಖಾಲಿ ಲ್ಯಾಬಿನಲ್ಲಿ, ಜೋರಾಗಿಯೇ. ಬೈಯುತ್ತಾ ಬೈಯುತ್ತಾ ನೋಟ್‌ಬುಕ್ಕುಗಳನ್ನು ಮತ್ತೆ ತೆಗೆದೆ. ನಾಲ್ಕರಲ್ಲೂ ನಿನ್ನದೇ ಕೈಬರಹ. ನನ್ನದು ಎಲ್ಲಿದೆ ಎಂದು ಹುಡುಕಿದರೆ ಒಂದೇ ಕಡೆ ಸಿಕ್ಕಿತು, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, "ಬೇಗ ಮುಗಿಸು." ಪುಸ್ತಕ ಮುಚ್ಚಿ ನಾಚಿಕೆಯಿಂದ ಕೂತೆ. ಹೀಗೆಂದು ಬರೆಯುವುದಕ್ಕೂ ನನಗೆ ಕಷ್ಟವಾಗುತ್ತಿದೆ, ಅದಕ್ಕೇ ಒಂದೇ ಸಲ ಬರೆಯುತ್ತೇನೆ.

ಆ ಕರಡನ್ನು ಹರಿದು ಹೊಸದು ಬರೆದು ಕಳಿಸಿದೆ. ಸಂಪಾದಕರ ಉತ್ತರ: ಲೇಖಕರ ಪಟ್ಟಿಯಲ್ಲಿ ಇಲ್ಲದವರ ಹೆಸರನ್ನು ಹಿಂಪಡೆಯುವ ಪ್ರಕಟಣೆಯಲ್ಲಿ ಹಾಕುವ ಪದ್ಧತಿಯಿಲ್ಲ. ನಾನು ಬರೆದೆ, ಹಾಗಾದರೆ ಪಟ್ಟಿಯೇ ತಪ್ಪು. ಅವರು ಬರೆದರು, ಪಟ್ಟಿಯನ್ನು ತಿದ್ದುವುದಕ್ಕೆ ಬೇರೆ ಅರ್ಜಿಯಿದೆ, ಹೇಗೂ ವಾಪಸಾಗುವ ಲೇಖನಕ್ಕೆ ಅದೇಕೆ? ನಾನು ಬರೆದೆ, ಅರ್ಜಿ ಕಳಿಸಿ. ಅರ್ಜಿಗೆ ಐವರ ಸಹಿ ಬೇಕಂತೆ. ನಿನಗೆ ಗೊತ್ತಿಲ್ಲದ ಆ ಇಬ್ಬರನ್ನು ಹುಡುಕಿಕೊಂಡು ಹೋಗಿ ಸಹಿ ಮಾಡಿಸಿದೆ. ಅದರಲ್ಲಿ ಒಬ್ಬರಿಗೆ ಲೇಖನ ಯಾವುದರ ಬಗ್ಗೆ ಎಂದೇ ನೆನಪಿರಲಿಲ್ಲ. "ಕೊಬ್ಬಾ?" ಎಂದರು. ಹಣೆ ಚಚ್ಚಿಕೊಂಡು ಸಹಿ ತೆಗೆದುಕೊಂಡು ಬಂದೆ.

ನಿರ್ದೇಶಕರು ಕರೆಸಿ, "ಮೇಡಂ, ಸಹಾಯಕರ ತಪ್ಪು ಅಂದ್ರೆ ಸಾಕಿತ್ತಲ್ಲ, ಇದನ್ನೆಲ್ಲ ಯಾಕೆ ಕೆದಕ್ತೀರಿ?" ಎಂದರು. ಕೆದಕಿದ್ದಕ್ಕೆ ಸಮಿತಿ ಜುಲೈ ತನಕವೂ ಕಾಯಲಿಲ್ಲ. ಎರಡು ಕೋಣೆಯೂ ಹೋಯಿತು. ಮೂರನೇ ಮಹಡಿಯಲ್ಲಿ ಒಂದು ಬೆಂಚು ಕೊಟ್ಟಿದ್ದಾರೆ, ಪಕ್ಕದಲ್ಲಿ ಕೈತೊಳೆಯುವ ತೊಟ್ಟಿ, ಎಲ್ಲರೂ ಬಂದು ನನ್ನ ಮೇಲೆ ನೀರು ಚಿಮುಕಿಸಿ ಹೋಗುತ್ತಾರೆ. ನಿನ್ನ ಮೇಲೆ ಸಿಟ್ಟು ಹೋಗಿಲ್ಲ. ಆ ಎಂಟು ವಾರವನ್ನು ನಾನು ಮರೆಯುವುದಿಲ್ಲ. ನಿನ್ನ ಹೆಸರು ಬಿಟ್ಟು ಕೂತ ನನ್ನ ಐದು ವರ್ಷವನ್ನು ನೀನೂ ಮರೆಯಬೇಡ.

ನಿನ್ನೆ ಅಚ್ಚಾಯಿತು. ನಕಲು ಮಾಡುತ್ತಿದ್ದೇನೆ:

"ಈ ಲೇಖನದಲ್ಲಿ ಎರಡು ತಪ್ಪುಗಳಿವೆ. ಒಂದು: ಖಾಲಿ ಗುಳ್ಳೆಗಳ ಪ್ರಯೋಗದಲ್ಲಿ ಕೊಬ್ಬಿನಾಮ್ಲವನ್ನು ಪ್ಲಾಸ್ಟಿಕ್ ಟ್ಯೂಬುಗಳಲ್ಲಿ ಇಡಲಾಗಿತ್ತು. ಆಮ್ಲವು ಟ್ಯೂಬಿಗೆ ಅಂಟಿಕೊಂಡಿದ್ದರಿಂದ, ಅದು ಪೊರೆಯನ್ನು ದಾಟುವುದಿಲ್ಲ ಎಂದು ನಾವು ತಪ್ಪಾಗಿ ತೀರ್ಮಾನಿಸಿದೆವು. ಪ್ರಯೋಗ ಮಾಡಿದವರು ಪ್ರಶ್ನೆ ಕೇಳಲು ಹೆದರುವಂತೆ ಪ್ರಯೋಗಾಲಯವನ್ನು ನಡೆಸಿದ್ದು ಮುಖ್ಯ ಲೇಖಕಿಯ ಹೊಣೆ. ಎರಡು: ಲೇಖನದ ಎಲ್ಲ ಪ್ರಯೋಗಗಳನ್ನು ಮಾಡಿದವರ ಮತ್ತು ಈಗ ಮೊದಲ ತಪ್ಪನ್ನು ಪತ್ತೆಹಚ್ಚಿದವರ ಹೆಸರು ಲೇಖಕರ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ಈಗ ಮೊದಲನೆಯದಾಗಿ ಸೇರಿಸಲಾಗಿದೆ. ತಿದ್ದಿದ ಈ ಪಟ್ಟಿಯೊಂದಿಗೆ ಲೇಖನವನ್ನು ಹಿಂಪಡೆಯಲಾಗಿದೆ."

ಅಚ್ಚಾದ ಪುಟವನ್ನು ಇದರೊಳಗೆ ಇಟ್ಟಿದ್ದೇನೆ. ನಿನ್ನ ಇನಿಶಿಯಲ್ ಸರಿಯಾಗಿದೆಯಾ ನೋಡು. ತಪ್ಪಿದ್ದರೆ ಬೇಗ ಬರೆ, ಆ ಸಂಪಾದಕರ ಜೊತೆ ಇನ್ನೊಂದು ಸುತ್ತು ಜಗಳವಾಡುವಷ್ಟು ಶಕ್ತಿ ನನಗಿದೆ.

ಅಕ್ಕ